ಹೊಸ ಸಾಫ್ಟ್‌ವೇರ್ ಬರುವ ಮೊದಲು ಓಪಿ ಚೀಟಿಯ ಹಿಂದೆ ಹೋಗಿ

ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬರುತ್ತದೆ ಅಂದ ಕೂಡಲೇ ಎಲ್ಲರೂ ಕೇಳುವುದು, ಕೆಲಸ ಎಷ್ಟು ಕಡಿಮೆ ಆಗುತ್ತದೆ ಅಂತ. ಕೆಲಸ ಕಡಿಮೆ ಆದದ್ದನ್ನು ನಾನು ಕಂಡದ್ದು ಅಪರೂಪ. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋದದ್ದೇ ಜಾಸ್ತಿ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೈದ್ಯರ ಪಕ್ಕದಲ್ಲೇ ನಿಂತು ಸಮಯ ಲೆಕ್ಕ ಹಾಕಿದ್ದರು. ರೋಗಿಯ ಜೊತೆ ಕಳೆದ ಪ್ರತಿ ಗಂಟೆಗೆ ಕಂಪ್ಯೂಟರಿಗೂ ಮೇಜಿನ ಕೆಲಸಕ್ಕೂ ಹೆಚ್ಚುಕಡಿಮೆ 2 ಗಂಟೆ ಹೋಗುತ್ತಿತ್ತು.

ಹಾಗಾದರೆ ನಮ್ಮ ಕಾಸರಗೋಡಿನ ಒಂದು ಕುಟುಂಬ ಆರೋಗ್ಯ ಕೇಂದ್ರದಲ್ಲಿ ಏನಾಗಬಹುದು ಅಂತ ಮೊದಲೇ ಊಹಿಸುವುದು ಹೇಗೆ? ಸ್ಕ್ರೀನ್ ನೋಡಬೇಡಿ. ಈಗ ಓಡಾಡುತ್ತಿರುವ ಓಪಿ ಚೀಟಿಯ ಹಿಂದೆ ಹೋಗಿ. ಅದನ್ನು ಯಾರು ಮುಟ್ಟುತ್ತಾರೆ, ಮೂಲೆಯಲ್ಲಿ ಏನು ಗೀಚುತ್ತಾರೆ ನೋಡಿ.

ನರ್ಸ್ ಪ್ರೆಷರ್ ನೋಡುತ್ತಾರೆ. ತುಂಬಾ ಏರಿದ್ದರೆ ಅಂಕಿಗೆ ಒಂದು ಸುತ್ತು ಹಾಕಿ, ಚೀಟಿಯನ್ನು ಕಟ್ಟಿನ ಮೇಲಿಡುತ್ತಾರೆ. ಅಜ್ಜಿ ಸಾಲು ಬಿಟ್ಟು ಒಳಗೆ ಬರುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ. ಟೋಕನ್ ನಂಬರಿನ ಪ್ರಕಾರವೇ ಕರೆಯುವ ಸಾಫ್ಟ್‌ವೇರ್ ಬಂದರೆ ಈ ಕೆಲಸ ನಿಲ್ಲುವುದಿಲ್ಲ. ನರ್ಸ್ ಬಾಗಿಲಿಗೆ ಬಂದು ಕೂಗಿ ಹೇಳುತ್ತಾರೆ, ಅಷ್ಟೇ. ಜನ ಜಾಸ್ತಿ ಇರುವ ಸೋಮವಾರ ಅವರು ಅಂಕಿಗಳನ್ನೆಲ್ಲ ಕಾಗದದಲ್ಲಿ ಬರೆದಿಟ್ಟು, ಮಧ್ಯಾಹ್ನ ಒಟ್ಟಿಗೆ ಟೈಪ್ ಮಾಡುತ್ತಾರೆ. ದಾಖಲೆಯಲ್ಲಿ ಊರಿನವರ ಪ್ರೆಷರೆಲ್ಲ ಒಂದು ಗಂಟೆಗೇ ನೋಡಿದ ಹಾಗಿರುತ್ತದೆ! ದೂರದಲ್ಲಿ ಕೂತು ವರದಿ ಓದುವವರಿಗೆ ಇದು ಸೋಮಾರಿತನ ಅನಿಸಬಹುದು. ಖಂಡಿತ ಅಲ್ಲ.

ನನಗೆ ಹೆಚ್ಚು ಭಯ ಇರುವುದು ಗಡಿಯ ವಿಷಯದಲ್ಲಿ. ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆಯವರು ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗುವುದು. ಡಿಸ್ಚಾರ್ಜ್ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಕೇರಳ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆ ವ್ಯವಸ್ಥೆಯಾದ ಇ-ಹೆಲ್ತ್‌ಗೆ ಆ ಕಾಗದ ತಾನಾಗಿ ಕಾಣುವುದಿಲ್ಲ. 2021ರಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ನಂಬರ್, ಅಂದರೆ ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ, ಇದಕ್ಕೆ ದಾರಿ ಮಾಡಬಹುದು, ನಿಜ. ಆದರೆ ಎರಡೂ ಕಡೆಯ ಆಸ್ಪತ್ರೆ ಅದಕ್ಕೆ ಜೋಡಣೆಯಾಗಿರಬೇಕು, ರೋಗಿಯೂ ಒಪ್ಪಿಗೆ ಕೊಡಬೇಕು.

ಈಗ ಒಬ್ಬರು ಹೃದಯದ ವಾಲ್ವ್ ಬದಲಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು ಅದು. ಮೊಣಕಾಲು ನೋವು ಅಂತ ನಮ್ಮಲ್ಲಿಗೆ ಬರುತ್ತಾರೆ. ನೋವಿನ ಮದ್ದಾದ ಡೈಕ್ಲೋಫೆನಾಕ್ ಬರೆದರೆ ರಕ್ತಸ್ರಾವದ ಅಪಾಯ. ಕಂಪ್ಯೂಟರಿನ ಪಟ್ಟಿಯಲ್ಲಿ ವಾರ್ಫರಿನ್ನೇ ಇಲ್ಲ, ಹಾಗಾಗಿ ಎಚ್ಚರಿಕೆಯೂ ಬರುವುದಿಲ್ಲ. ಮೊದಲಾದರೆ ಡಾಕ್ಟ್ರು "ಬೇರೆ ಮದ್ದು ಉಂಟಾ?" ಅಂತ ಕೇಳುತ್ತಿದ್ದರು. ಎಚ್ಚರಿಕೆ ಕೊಡುವ ಯಂತ್ರ ಎದುರಿಗಿದ್ದಾಗ ಆ ಪ್ರಶ್ನೆಯೇ ಮೆಲ್ಲಗೆ ಬಿಟ್ಟುಹೋಗುತ್ತದೆ. ಅರ್ಧ ಪಟ್ಟಿ ಪೂರ್ತಿ ಪಟ್ಟಿಯ ಹಾಗೆ ಕಾಣುವುದು ಖಾಲಿ ಹಾಳೆಗಿಂತ ಅಪಾಯ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಒಂದು ಬೋಧನಾ ಆಸ್ಪತ್ರೆಯಲ್ಲಿ ಕಂಪ್ಯೂಟರಿನಲ್ಲಿ ಮದ್ದು ಬರೆಯುವ ವ್ಯವಸ್ಥೆಯೇ ದಾರಿ ಮಾಡಿಕೊಡುತ್ತಿದ್ದ 22 ಬಗೆಯ ತಪ್ಪುಗಳನ್ನು 2005ರಲ್ಲಿ ಪಟ್ಟಿ ಮಾಡಿದ್ದರು. ರೋಗಿಯ ಮದ್ದೆಲ್ಲ ಒಂದೇ ಕಡೆ ಕಾಣದೆ ಆಗುವ ತಪ್ಪುಗಳೂ ಅದರಲ್ಲಿದ್ದವು.

ಹಾಗಾಗಿ ಹೊಸದನ್ನು ಹಾಕುವ ಮೊದಲು ನರ್ಸ್, ಫಾರ್ಮಸಿಸ್ಟ್, ಆಶಾ ಕಾರ್ಯಕರ್ತೆಯನ್ನು ಕೂರಿಸಿ, ಮಳೆಗಾಲದ ಜ್ವರದ ಸಮಯದಲ್ಲೇ ಒಂದು ಬೆಳಿಗ್ಗೆ ಓಡಿಸಿ ನೋಡಬೇಕು. ಕರೆಂಟ್ ಹೋದಾಗ ಬರೆದ ಚೀಟಿಗಳನ್ನು ಆಮೇಲೆ ಟೈಪ್ ಮಾಡುವವರು ಯಾರು ಅಂತಲೂ ಅವತ್ತೇ ತೀರ್ಮಾನ ಆಗಲಿ. ಪ್ರೆಷರ್ ನೋಡುವ ಮೇಜಿನಲ್ಲೇ ಒಂದು ಗುರುತಿಗೆ ಜಾಗ ಬೇಕು: ಹೊರಗಿನ ಮದ್ದು ಕೇಳಿದ್ದೇವೆ, ಕೇಳಿಲ್ಲ, ಕಾಗದ ತಂದಿಲ್ಲ. ಅದನ್ನು ಸೇರಿಸುವಾಗ ಬೇರೆ ಒಂದು ಕಾಲಂ ತೆಗೆದುಬಿಡಿ. ಇಲ್ಲದಿದ್ದರೆ ತುಂಬುವ ಕೆಲಸ ಹೆಚ್ಚಾಗಿ, ಎರಡೇ ವಾರದಲ್ಲಿ ಕೇಳದಿದ್ದರೂ ಎಲ್ಲರ ಹೆಸರಿನೆದುರೂ "ಕೇಳಿದ್ದೇವೆ" ಅಂತಲೇ ಇರುತ್ತದೆ.