ಹಳೆಯ ಲ್ಯಾಪ್‌ಟಾಪ್: ಸ್ಕ್ರೂ ಬಿಚ್ಚುವ ಮೊದಲು

ದಾವಣಗೆರೆಯ ನನ್ನ ಅಂಗಡಿಗೆ ಕಳೆದ ಬೇಸಿಗೆಯಲ್ಲಿ ಅಕ್ಕಿ ಗಿರಣಿಯೊಂದರ ಗುಮಾಸ್ತರು 2004ರ ಕಾಲದ ಐಬಿಎಂ ಥಿಂಕ್‌ಪ್ಯಾಡ್ ಟಿ42 ಒಂದನ್ನು ತಂದಿದ್ದರು. ಗಿರಣಿಯ ಹಳೆಯ ಲೆಕ್ಕವೆಲ್ಲ ಅದರಲ್ಲಿತ್ತು. ಆನ್ ಮಾಡಿದ ಹತ್ತು ನಿಮಿಷಕ್ಕೆ ತಾನಾಗಿಯೇ ಆಫ್ ಆಗುತ್ತಿದ್ದುದರಿಂದ, "ಹಳೇದು ಸರ್, ಬೋರ್ಡೇ ಹೋಗಿರಬೇಕು" ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಇಂಥ ಯಂತ್ರಗಳಲ್ಲಿ ಬೋರ್ಡಿನ (ಎಲ್ಲ ಭಾಗಗಳೂ ಕೂಡುವ ಮುಖ್ಯ ಫಲಕದ) ಮೇಲೆ ನಾನು ಅನುಮಾನಪಡುವುದು ಎಲ್ಲಕ್ಕಿಂತ ಕೊನೆಗೆ.

ಮೊದಲ ಕೆಲಸ ಹಾರ್ಡ್ ಡಿಸ್ಕ್ ಹೊರತೆಗೆದು ಮಾಹಿತಿಯನ್ನು ನಕಲು ಮಾಡಿಕೊಳ್ಳುವುದು. ಈ ಮಾದರಿಯಲ್ಲಿ ಒಂದು ಸ್ಕ್ರೂ ತೆಗೆದರೆ ಡಿಸ್ಕ್ ಪಕ್ಕದಿಂದ ಜಾರಿ ಬರುತ್ತದೆ. ಅದು 44 ಪಿನ್‌ನ ಐಡಿಇ ಎಂಬ ಹಳೆಯ ಬಗೆಯ ಜೋಡಣೆಯ ಡಿಸ್ಕ್ ಆದ್ದರಿಂದ ಇಂದಿನ ಸಾಟಾ ಕೇಬಲ್ ಹೊಂದುವುದಿಲ್ಲ. ಐಡಿಇಯಿಂದ ಯುಎಸ್‌ಬಿಗೆ ಪರಿವರ್ತಿಸುವ ಅಡಾಪ್ಟರ್ ಬೇಕು. ಪಿನ್‌ಗಳು ಸೂಜಿಯಷ್ಟು ಸಣ್ಣವು, ಓರೆಯಾಗಿ ಒತ್ತಿದರೆ ಬಾಗುತ್ತವೆ.

ಆಮೇಲೆ ಚಾರ್ಜರ್. ಟಿ42ಗೆ ಬೇಕಾದದ್ದು 16 ವೋಲ್ಟ್. 2006ರಲ್ಲಿ ಬಂದ ಟಿ60ಗೆ 20 ವೋಲ್ಟ್. ಹಲವು ತುದಿಗಳಿರುವ ಯೂನಿವರ್ಸಲ್ ಚಾರ್ಜರ್‌ನಲ್ಲಿ ತುದಿ ಕೂತಿತೆಂದು ವೋಲ್ಟೇಜ್ ಸರಿ ಎಂದು ನಂಬಬಾರದು, ಮಲ್ಟಿಮೀಟರ್‌ನಲ್ಲಿ ಅಳೆದೇ ಹಚ್ಚಬೇಕು. ಮುಖ್ಯ ಬ್ಯಾಟರಿ ಸ್ವಲ್ಪ ಉಬ್ಬಿದ್ದರೂ ಅದನ್ನು ತೆಗೆದಿಟ್ಟು ಚಾರ್ಜರ್‌ನಿಂದಲೇ ಪರೀಕ್ಷೆ ಮಾಡುವುದು ಕ್ಷೇಮ.

ನಾನು ಹೆಚ್ಚು ಎಚ್ಚರ ಹೇಳಬಯಸುವುದು ಒಳಗಿನ ಪುಟ್ಟ ಬ್ಯಾಟರಿಯ ವಿಷಯದಲ್ಲಿ. ಆನ್ ಮಾಡಿದಾಗಲೆಲ್ಲ ದಿನಾಂಕ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಅದು ಸೋತಿದೆ ಎಂದರ್ಥ. ಟಿ42ರಲ್ಲಿ ಅದು ಎರಡು ವೈರ್ ಹೊತ್ತ 3 ವೋಲ್ಟ್ ಲಿಥಿಯಂ ಬಿಲ್ಲೆ, ಬದಲಿಸುವುದು ಸುಲಭ. ಆದರೆ 1990ರ ದಶಕದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಚಾರ್ಜ್ ಆಗುವ ನಿಕಲ್ ಬ್ಯಾಟರಿ. ಅದರ ಜಾಗಕ್ಕೆ ಲಿಥಿಯಂ ಬಿಲ್ಲೆಯನ್ನು ಬೆಸೆದರೆ, ಚಾರ್ಜ್ ಮಾಡಬಾರದ ಬಿಲ್ಲೆಗೆ ಬೋರ್ಡ್ ಚಾರ್ಜ್ ಕೊಡಲಾರಂಭಿಸುತ್ತದೆ, ಅದು ಸೋರಬಹುದು, ಸಿಡಿಯಲೂಬಹುದು. ಆ ನಿಕಲ್ ಬ್ಯಾಟರಿಗಳೂ ವರ್ಷಗಳು ಕಳೆದಂತೆ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಹಸಿರು ಹುಡಿ ಕಂಡರೆ ಬ್ಯಾಟರಿ ಕಿತ್ತು, ಆ ಜಾಗವನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಶುಚಿಗೊಳಿಸಿ ಚೆನ್ನಾಗಿ ಒಣಗಲು ಬಿಡಬೇಕು.

ಪರದೆ ಕಪ್ಪಾಗಿದ್ದರೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಅಕ್ಷರ ಕಂಡರೆ ಬೋರ್ಡ್ ಬದುಕಿದೆ. ಹೋಗಿರುವುದು ಪರದೆಗೆ ಬೆಳಕು ಕೊಡುವ ಹಿಂಬದಿಯ ಟ್ಯೂಬ್ ಅಥವಾ ಅದಕ್ಕೆ ನೂರಾರು ವೋಲ್ಟ್ ಕೊಡುವ, ಲ್ಯಾಪ್‌ಟಾಪ್ ಒಳಗಿನ ಇನ್‌ವರ್ಟರ್. ಕರೆಂಟ್ ಇರುವಾಗ ಇನ್‌ವರ್ಟರ್ ಮುಟ್ಟಲೇಬಾರದು.

ಇಷ್ಟಾದ ಮೇಲಷ್ಟೇ ಸ್ಕ್ರೂಡ್ರೈವರ್. ಸ್ಕ್ರೂಗಳ ಉದ್ದ ಒಂದೇ ಸಮ ಇರುವುದಿಲ್ಲ, ಗಿಡ್ಡದರ ಜಾಗದಲ್ಲಿ ಉದ್ದದ್ದನ್ನು ತಿರುಗಿಸಿದರೆ ಅದು ಬೋರ್ಡಿಗೇ ಚುಚ್ಚುತ್ತದೆ. ಆದ್ದರಿಂದ ಕಾಗದದ ಮೇಲೆ ಯಂತ್ರದ ಅಡಿಭಾಗದ ಚಿತ್ರ ಬರೆದು, ಪ್ರತಿಯೊಂದನ್ನೂ ಅದರ ಸ್ಥಾನದಲ್ಲೇ ಅಂಟಿಸುತ್ತೇನೆ. ರಿಬ್ಬನ್ ಕೇಬಲ್‌ಗಳಿದ್ದಲ್ಲಿ ಪ್ಲಾಸ್ಟಿಕ್ ಲಾಕ್ ಅನ್ನು ಉಗುರಿನಿಂದ ಮೆಲ್ಲಗೆ ಎತ್ತಬೇಕು, ಹಳೆಯ ಪ್ಲಾಸ್ಟಿಕ್ ಒಮ್ಮೆ ಮುರಿದರೆ ಬಿಡಿಭಾಗ ಸಿಗುವುದು ಕಷ್ಟ.

ಗುಮಾಸ್ತರ ಯಂತ್ರದ ಫ್ಯಾನ್ ಬಿಚ್ಚಿದಾಗ, ಶಾಖ ಹೊರಹೋಗುವ ತಾಮ್ರದ ರೆಕ್ಕೆಗಳ ಮುಂದೆ ತೌಡಿನ ಪುಡಿ ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಒಂದು ಪಟ್ಟಿಯೇ ಬಂತು. ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತೆ ಉದುರುತ್ತಿತ್ತು. ಅದನ್ನು ಒರೆಸಿ ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಜೋಡಿಸಿ, ಸಂಜೆಯವರೆಗೆ ಓಡಿಸಿದೆ. ಒಮ್ಮೆಯೂ ಆಫ್ ಆಗಲಿಲ್ಲ. ಅವರ ಮೇಜು ತೌಡಿನ ಗೋದಾಮಿನ ಬಾಗಿಲ ಪಕ್ಕದಲ್ಲೇ ಇದೆಯೆಂದು ತಿಳಿದ ಮೇಲೆ, ಆರು ತಿಂಗಳಿಗೊಮ್ಮೆ ಫ್ಯಾನ್ ಶುಚಿ ಮಾಡಿಸಲು ಹೇಳಿ ಕಳಿಸಿದೆ.