ಮೊಬೈಲಿನಲ್ಲಿ ಚೆಂದ, ಪುಸ್ತಕದಲ್ಲಿ ಮಸುಕು

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಊರಿನ ಯಕ್ಷಗಾನ ಮಂಡಳಿಯ ಸ್ಮರಣ ಸಂಚಿಕೆಗೆ ಫೋಟೊ ಕೂಡಿಸುತ್ತಿದ್ದೇವೆ. ಮೊಬೈಲಿನಲ್ಲಿ ಸ್ಪಷ್ಟವಾಗಿಯೇ ಕಾಣುವ ಚಿತ್ರಗಳನ್ನು ಪ್ರೆಸ್ಸಿನವರು ‘ರೆಸಲ್ಯೂಷನ್ ಸಾಲದು, 300 ಡಿಪಿಐ ಕೊಡಿ’ ಎಂದು ಹಿಂದಿರುಗಿಸಿದ್ದಾರೆ. ಏನು ಮಾಡಬೇಕು?

ಉತ್ತರ: ಪ್ರೆಸ್ಸಿನವರು ಅರ್ಧ ಮಾತು ಹೇಳಿದ್ದಾರೆ. 300 ಡಿಪಿಐ ಎಂಬುದು ಒಂದು ಇಂಚು ಕಾಗದಕ್ಕೆ ಇಷ್ಟು ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಬಣ್ಣದ ಚುಕ್ಕಿ) ಬೇಕೆಂಬ ಲೆಕ್ಕ. ಫೋಟೊ ಎಷ್ಟು ಇಂಚಿಗೆ ಬರುತ್ತದೆಂದು ತಿಳಿಯದೆ ಅದರಿಂದ ಏನೂ ಹೊರಡುವುದಿಲ್ಲ. ಪುಟ ಕಟ್ಟುವವರನ್ನು ಮೊದಲು ಅದನ್ನೇ ಕೇಳಿ, ಬಂದ ಉತ್ತರವನ್ನು 300ರಿಂದ ಗುಣಿಸಿ. ಆರು ಇಂಚು ಅಗಲಕ್ಕೆ 1800 ಪಿಕ್ಸೆಲ್. ಎ4 ಮುಖಪುಟ ತುಂಬಬೇಕಾದರೆ 2480×3508; ಅಂಚು ಕತ್ತರಿಸುವಾಗ ಹೋಗುವ ಮೂರು ಮಿಲಿಮೀಟರ್‌ಗಾಗಿ ಇನ್ನಷ್ಟು.

ಹನ್ನೆರಡು ಮೆಗಾಪಿಕ್ಸೆಲ್‌ನ ಮೊಬೈಲ್ ಸುಮಾರು 4000×3000 ಪಿಕ್ಸೆಲ್‌ನ ಚಿತ್ರ ಕೊಡುತ್ತದೆ, ಅಂದರೆ 13 ಇಂಚಿಗೆ ಸಾಕು. ಫೋಟೊ ಹಾಳಾಗುವುದು ಹೆಚ್ಚಾಗಿ ಕಳಿಸುವ ದಾರಿಯಲ್ಲಿ. ವಾಟ್ಸ್ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಅಷ್ಟಾದರೂ ಐದು ಇಂಚಿಗೆ ಸಾಲುತ್ತಿತ್ತು. ಆದರೆ ಕಡತವನ್ನು ಹಗುರ ಮಾಡುವ ಭರದಲ್ಲಿ ಸೂಕ್ಷ್ಮ ವಿವರಗಳನ್ನೂ ಅದು ಕೆಡಿಸುತ್ತದೆ. ಕಂಪ್ಯೂಟರಿನಲ್ಲಿ ಶೇ 100ರ ಅಳತೆಗೆ ತೆರೆದು ನೋಡಿ: ಕೇದಗೆ ಮುಂದಲೆಯ ಜರಿ, ಎದೆಕಟ್ಟಿನ ಮಿನುಗು, ಕಾಡಿಗೆಯ ಅಂಚು ಎಲ್ಲವೂ ಚೌಕಚೌಕವಾಗಿ ಕದಡಿರುತ್ತವೆ. ವೇಷದಲ್ಲಿ ನೋಡಬೇಕಾದದ್ದೇ ಅವು! ಆದ್ದರಿಂದ ಗುಂಪಿನಲ್ಲಿ ಸುತ್ತಾಡಿದ ಪ್ರತಿಯನ್ನು ಬಿಟ್ಟು, ಫೋಟೊ ತೆಗೆದವರನ್ನೇ ಹುಡುಕಿ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ. ಗೂಗಲ್ ಡ್ರೈವ್ ಆದೀತು, ಪೆನ್‌ಡ್ರೈವ್ ಆದರೆ ಇನ್ನೂ ನಿಶ್ಚಿಂತೆ. ಸ್ಕ್ರೀನ್‌ಶಾಟ್ ಮಾತ್ರ ಬೇಡವೇ ಬೇಡ.

ಕೆಲವರು ಫೋಟೊಶಾಪ್‌ನಲ್ಲಿ 72 ಇದ್ದಲ್ಲಿ 300 ಎಂದು ಬರೆದು ‘ಸರಿ ಮಾಡಿದೆವು’ ಎನ್ನುತ್ತಾರೆ. ಪಿಕ್ಸೆಲ್ ಅಷ್ಟೇ ಇರುತ್ತದೆ, ಇಂಚು ಕುಗ್ಗುತ್ತದೆ, ಅಷ್ಟೆ. ‘ರೀಸ್ಯಾಂಪಲ್’ ಮಾಡಿ ಪಿಕ್ಸೆಲ್ ಹೆಚ್ಚಿಸಿದರೆ ನಡುವಿನ ಬಣ್ಣಗಳನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಮಜ್ಜಿಗೆಗೆ ನೀರು ಹೊಯ್ದು ಅಳತೆ ಹೆಚ್ಚಿಸಿದ ಹಾಗೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಇದನ್ನೇ ಜಾಣತನದಿಂದ ಮಾಡುತ್ತವೆ, ಆದರೆ ಮುಖದ ಚಹರೆಯನ್ನೂ ತಿದ್ದಿಬಿಡುತ್ತವೆ. ತೀರಿಹೋದ ಭಾಗವತರ ಮುಖವನ್ನು ಅವುಗಳ ಕೈಗೆ ಕೊಡಲು ನನಗಂತೂ ಮನಸ್ಸು ಬಾರದು.

ರಾತ್ರಿಯ ಆಟದ ಚಿತ್ರಗಳದ್ದು ಬೇರೆಯೇ ಕಷ್ಟ. ಕುಣಿತದಲ್ಲಿ ಕದಲಿದ ವೇಷ, ಹಿಂದಿನ ಸಾಲಿನಿಂದ ಡಿಜಿಟಲ್ ಜೂಮ್ ಮಾಡಿ ತೆಗೆದದ್ದು, ಇವು ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಮಸುಕೇ. ದೊಡ್ಡದಾಗಿ ಹಾಕಬೇಡಿ.

ಹಾಗೆಂದು 300 ಕಲ್ಲಿನ ಮೇಲಿನ ಬರಹವಲ್ಲ. ನಯವಾದ ಕಾಗದದ ಆಫ್‌ಸೆಟ್ ಮುದ್ರಣದಲ್ಲಿ ಇಂಚಿಗೆ ಸಾಮಾನ್ಯವಾಗಿ 150 ಗೆರೆಗಳ ಸ್ಕ್ರೀನ್ (ಶಾಯಿಯ ಚುಕ್ಕಿಗಳ ಸಾಲು) ಬಳಸುತ್ತಾರೆ, ಅದರ ಎರಡರಷ್ಟು ಪಿಕ್ಸೆಲ್ ಇರಲೆಂಬ ರೂಢಿಯಿಂದ 300 ಬಂದಿದೆ. ವಾರ್ತಾಪತ್ರಿಕೆಯ ಕಾಗದಕ್ಕೆ 200 ಸಾಕು. ದೂರದಿಂದ ನೋಡುವ ಫ್ಲೆಕ್ಸ್‌ಗೆ 100 ಇದ್ದರೂ ನಡೆಯುತ್ತದೆ. ನಿಮ್ಮ ಸಂಚಿಕೆಯಲ್ಲಿ 250ರ ಆಸುಪಾಸಿನ ಚಿತ್ರವನ್ನು ಬಿಡಬೇಕಾಗಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು: ಕಾರವಾರದ ಕಡಲಿನ ಹೊಳೆಯುವ ನೀಲಿಯಾಗಲಿ, ರಂಗದ ದೀಪದ ಬಣ್ಣವಾಗಲಿ ನಾಲ್ಕು ಬಣ್ಣದ ಶಾಯಿಯಲ್ಲಿ ಸ್ವಲ್ಪ ಮಂಕಾಗುತ್ತವೆ. ಸಿಎಂವೈಕೆಗೆ, ಅಂದರೆ ಆ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಬದಲಿಸುವ ಕೆಲಸವನ್ನು ಪ್ರೆಸ್ಸಿಗೇ ಬಿಡಿ.

ಮನೆಯ ಗೋಡೆಯ ಮೇಲಿರುವ ಹಿರಿಯ ಕಲಾವಿದರ ಕಪ್ಪು-ಬಿಳುಪು ಫೋಟೊಗಳನ್ನು ಮೊಬೈಲಿನಲ್ಲಿ ಸೆರೆಹಿಡಿಯದೆ ಸ್ಕ್ಯಾನ್ ಮಾಡಿಸಿ. ಮೂರು ಇಂಚಿನ ಫೋಟೊವನ್ನು ಆರು ಇಂಚಿಗೆ ಹಿಗ್ಗಿಸಬೇಕಾದರೆ 600 ಡಿಪಿಐಯಲ್ಲಿ, ಪಾಸ್‌ಪೋರ್ಟ್ ಅಳತೆಯದ್ದಾದರೆ 1200ರಲ್ಲಿ. ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಬ್ಬಿಸಲು ಹೋಗಬೇಡಿ, ಚೌಕಟ್ಟು ಬಿಚ್ಚಿ ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಡಿಸಿ.