ತೆರೆಯ ಮೇಲಿನ ದಾಂಪತ್ಯದ್ರೋಹ: ಯಾರಿಗೆ ಕ್ಷಮೆ, ಯಾರಿಗೆ ಶಿಕ್ಷೆ?

1959ರ ಏಪ್ರಿಲ್ 27. ‘ಐಎನ್ಎಸ್ ಮೈಸೂರು’ ಯುದ್ಧನೌಕೆಯ ಅಧಿಕಾರಿ ಕಮಾಂಡರ್ ಕೆ.ಎಂ. ನಾನಾವತಿ ಹೆಂಡತಿ ಮಕ್ಕಳನ್ನು ಮುಂಬೈಯ ಮೆಟ್ರೋ ಚಿತ್ರಮಂದಿರದಲ್ಲಿ ಬಿಟ್ಟರು. ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಅವನ ಮನೆಯಲ್ಲೇ ಕೊಂದರು. ಜ್ಯೂರಿ (ಆಗ ಇದ್ದ ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿ) 8–1ರಿಂದ ನಿರ್ದೋಷಿ ಎಂದಿತು. ಹೈಕೋರ್ಟ್ ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೊನೆಗೆ ರಾಜ್ಯಪಾಲರಿಂದ ಕ್ಷಮಾದಾನ ಸಿಕ್ಕಿ, ದಂಪತಿ ಮಕ್ಕಳೊಂದಿಗೆ ಕೆನಡಾಕ್ಕೆ ಹೋದರು.

ಆ ಸಂಸಾರ ಉಳಿಯಿತು. ಸಿನಿಮಾ ಅದನ್ನು ಸುಲಭಕ್ಕೆ ಒಪ್ಪಲಿಲ್ಲ. ಇದೇ ಪ್ರಕರಣದ ನೆರಳಿರುವ ಗುಲ್ಜಾರರ ‘ಅಚಾನಕ್’ನಲ್ಲಿ (1973) ಗಂಡ ಹೆಂಡತಿಯನ್ನೂ ಕೊಲ್ಲುತ್ತಾನೆ. ‘ರುಸ್ತುಂ’ (2016) ಹೊತ್ತಿಗೆ ಹೆಂಡತಿ ಬದುಕಿ ಉಳಿದಳು, ಆದರೆ ಕೊಲೆಗೆ ದೇಶಭಕ್ತಿಯ ಕಾರಣವೊಂದನ್ನು ಜೋಡಿಸಬೇಕಾಯಿತು.

ತಪ್ಪು ಗಂಡನದಾದಾಗ ಲೆಕ್ಕವೇ ಬೇರೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’ದಲ್ಲಿ (1971) ಸಹೋದ್ಯೋಗಿಯ ಸಂಗ ಮಾಡಿದವನು ಗಂಡ, ಮಾನಸಿಕ ಆಸ್ಪತ್ರೆಗೆ ಮರಳುವವಳು ಹೆಂಡತಿ. ಪುಟ್ಟಣ್ಣ ಆ ಅನ್ಯಾಯವನ್ನು ಮುಚ್ಚಿಡಲಿಲ್ಲ. ‘ಅರ್ಥ್’ನಲ್ಲಿ (1982) ಮರಳಿ ಬಂದ ಗಂಡನನ್ನು ನಾಯಕಿ ಒಲ್ಲೆ ಅಂದಳು. ಪುಣೆಯ ಮನೆಯೊಂದರ ಕಥೆ ‘ಅಸ್ತಿತ್ವ’ (2000) ಇನ್ನೂ ಮುಂದೆ ಹೋಯಿತು: ಹಳೆಯ ಸಂಬಂಧಕ್ಕಾಗಿ ಹೆಂಡತಿಯನ್ನು ವಿಚಾರಣೆಗೆ ನಿಲ್ಲಿಸುವ ಗಂಡ ತಾನೂ ಹೊರಗೆ ಸಂಬಂಧ ಇಟ್ಟುಕೊಂಡವನೇ. ಆಕೆ ಮನೆ ಬಿಟ್ಟು ಹೊರಡುತ್ತಾಳೆ.

ಧಾರಾವಾಹಿಗಳು ಈ ದಾರಿ ಹಿಡಿಯಲಿಲ್ಲ. ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾದ ಕನ್ನಡ ಮನೆಗಳಲ್ಲಿ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ನೋಡಿದವರಿದ್ದಾರೆ: 2016ರಲ್ಲಿ ಶುರುವಾದ ಮರಾಠಿಯ ‘ಮಾಝ್ಯಾ ನವಱ್ಯಾಚಿ ಬಾಯ್ಕೋ’ (‘ನನ್ನ ಗಂಡನ ಹೆಂಡತಿ’) ಕನ್ನಡಕ್ಕೆ ‘ಸುಬ್ಬಲಕ್ಷ್ಮಿ ಸಂಸಾರ’ವಾಗಿ ಬಂತು. ಇಂಥ ಕಥೆ ವರ್ಷಗಟ್ಟಲೆ ಎಳೆಯುವುದಕ್ಕೆ ಕಾರಣ ಅದರ ಕಟ್ಟುವಿಕೆಯಲ್ಲೇ ಇದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಕಥೆಗೆ ಸಿಗುವುದು ಸುಮಾರು 22 ನಿಮಿಷ, ಉಳಿದದ್ದು ಜಾಹೀರಾತು. ವಾರಕ್ಕೆ ಐದಾರು ಕಂತು. ಗಂಡನ ಗುಟ್ಟು ಬಯಲಾಗಿ ಹೆಂಡತಿ ಕೋರ್ಟಿಗೆ ಹೋದರೆ ಕಥೆಯೇ ಮುಗಿಯಿತು. ಹಾಗಾಗಿ ಸಾಕ್ಷಿ ಕೈಗೆ ಬಂದ ಗಳಿಗೆಯಲ್ಲೇ ಫೋನ್ ಒಡೆಯುತ್ತದೆ, ಪತ್ರ ಅತ್ತೆಯ ಕೈ ಸೇರುತ್ತದೆ. ಗುರುವಾರ ಬರುವ ಟಿಆರ್‌ಪಿ ಏರಿದ್ದರೆ ‘ಇನ್ನೊಬ್ಬಳ’ ಟ್ರ್ಯಾಕ್ ಇನ್ನಷ್ಟು ಉದ್ದವಾಗುತ್ತದೆ. ಇದರ ಬೆಲೆ ತೆರುವುದು ನಾಯಕಿಯ ಬುದ್ಧಿ: ಕಣ್ಣೆದುರಿಗಿರುವುದೂ ಕಾಣದವಳಾಗಿ ಅವಳನ್ನು ಬರೆಯಬೇಕಾಗುತ್ತದೆ.

ನೋಡುವವರಿಗೆ ನಿಜವಾಗಿ ತೊಂದರೆ ಕೊಡುವುದು ಕಾನೂನಿನ ತಪ್ಪುಗಳು. ತೆರೆಯ ಮೇಲೆ ಕಾಗದ ಎಸೆದು ಸಹಿ ಹಾಕಿಸಿಕೊಂಡರೆ ವಿಚ್ಛೇದನ ಆಗಿಹೋಗುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಪರಸ್ಪರ ಒಪ್ಪಿಗೆಗೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಸೂಕ್ತ ಪ್ರಕರಣದಲ್ಲಿ ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಂಡತಿ ಇರುವಾಗಲೇ ಗುಡಿಯಲ್ಲಿ ಇನ್ನೊಬ್ಬಳಿಗೆ ತಾಳಿ ಕಟ್ಟಿದರೆ ಆ ಮದುವೆ ಅಸಿಂಧು, ಏಳು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧವೂ ಹೌದು. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮು 2018ರ ಸೆಪ್ಟೆಂಬರ್ 27ರಂದು ರದ್ದಾಯಿತು. ಆದರೆ ವಿಚ್ಛೇದನ ಕೇಳಲು ಅದು ಈಗಲೂ ಕಾರಣವೇ, ಅದೂ ಗಂಡ ಹೆಂಡತಿ ಇಬ್ಬರಿಗೂ ಒಂದೇ ರೀತಿ.